ಸಿಡಿಲಿಗೆ ಕಟ್ಟಿದ ಫೋನು

ಯಂತ್ರ ಹೇಳಿದ ಜಾಗದಲ್ಲೇ ಸಿಡಿಲು ಬಿತ್ತು. ಹೇಳಿದ ಹೊತ್ತಿಗೇ ಬಿತ್ತು. ಎಚ್ಚರಿಕೆಯ ಸಂದೇಶವೂ ಹತ್ತು ನಿಮಿಷ ಮೊದಲೇ ಹೊರಟಿತ್ತು. ಆದರೂ ಕುರಿಗಾರ ಕನಕಪ್ಪ ಸತ್ತ. ಅವನ ಜೊತೆ ಅರ್ಧ ಹಿಂಡೂ ಸತ್ತಿತು.

"ನನ್ನ ಫೋನಿಂದ ಹೋಗೇತಿ ಮೇಡಂ!" ಗವಿಸಿದ್ದಪ್ಪ ಮೇಜಿಗೆ ಗುದ್ದಿದ. "ಇಲ್ಲಿ ನೋಡ್ರಿ, ಹೋದ ಹೊತ್ತು ಬರದೇತಿ. ಇನ್ನೇನ ಮಾಡ್ಲಿ ನಾನು? ಹೆಗಲ ಮ್ಯಾಲೆ ಹೊತ್ತುಕೊಂಡು ಹೋಗಿ ಕೊಡ್ಲೇನು?"

"ಹೋದದ್ದು ಹೌದು ಮಾರಾಯ್ರೆ. ಮುಟ್ಟಲಿಲ್ಲ ಅಲ್ವಾ?" ಡಾಕ್ಟರ್ ಸುಕನ್ಯಾ ಪ್ರಭು ತೆರೆಯ ಮೇಲೆ ಬೆರಳಿಟ್ಟರು. ಸಂದೇಶದ ಎದುರು 'ಕಾಯುತ್ತಿದೆ' ಎಂಬ ಪದ ಇನ್ನೂ ಕಾಯುತ್ತಲೇ ಇತ್ತು. ಅದನ್ನು ಓದಬೇಕಾದವನ ಮಣ್ಣು ಆಗಿ ಒಂದು ರಾತ್ರಿ ಕಳೆದಿತ್ತು.

ಸಿಡಿಲು ಎಲ್ಲಿ ಬೀಳುತ್ತದೆ ಎಂದು ಮೊದಲೇ ತಿಳಿದರೆ ಸಾವು ತಪ್ಪುತ್ತದೆ ಎಂದು ಎಲ್ಲರೂ ನಂಬಿದ್ದರು. ಸುಕನ್ಯಾ ಪ್ರಭು ಅದಕ್ಕಾಗಿ ಅರ್ಧ ಆಯುಷ್ಯ ಸವೆಸಿದವರು. ಮೋಡ ತಲೆಯ ಮೇಲೆ ಬಂದಾಗ ಕೆಳಗಿನ ನೆಲದಲ್ಲೂ ವಿದ್ಯುತ್ತು ತುಂಬಿಕೊಳ್ಳುತ್ತದೆ. ಎಲ್ಲ ಕಡೆ ಒಂದೇ ಸಮ ತುಂಬುವುದಿಲ್ಲ. ಹಾಲು ಉಕ್ಕುವ ಮೊದಲು ಒಂದು ಮಗ್ಗುಲಲ್ಲಿ ನೊರೆ ಏಳುವ ಹಾಗೆ, ಸಿಡಿಲು ಇಳಿಯುವ ಕಡೆ ಮೊದಲು ಏರುತ್ತದೆ. ಆ ಏರಿಕೆಯನ್ನು ಹಿಡಿಯಲು ಅವರು ಕುಷ್ಟಗಿ ಸೀಮೆಯ ಬಯಲಿನಲ್ಲಿ ಅಲ್ಲಲ್ಲಿ ಕಂಬ ನೆಟ್ಟು, ಕಂಬದ ತುದಿಗೆ ಬೋರಲು ಹಾಕಿದ ಬೋಗುಣಿಯಂಥ ತಟ್ಟೆ ಕೂರಿಸಿದ್ದರು. ತಟ್ಟೆಗಳು ಹೇಳಿದ್ದನ್ನೆಲ್ಲ ಕುಷ್ಟಗಿಯಲ್ಲಿದ್ದ ಅವರ ಕೇಂದ್ರದ ಕಂಪ್ಯೂಟರು ಕೂಡಿಸಿ, ವೆಬ್ ಪುಟದ ನಕಾಶೆಯ ಮೇಲೆ ಒಂದು ಕೆಂಪು ವೃತ್ತ ಬರೆಯುತ್ತಿತ್ತು. ಒಂದು ಹೊಲದಷ್ಟು ಅಗಲದ ವೃತ್ತ. ಹತ್ತು ನಿಮಿಷದೊಳಗೆ ಸಿಡಿಲು ಅದರೊಳಗೆ ಬೀಳುವುದು ಖಚಿತ. ಇದಕ್ಕೆ ಸಿಡಿಲುಗಾವಲು ಎಂದು ಹೆಸರಿಟ್ಟಿದ್ದರು.

ಬೆಂಗಳೂರಿನಲ್ಲಿ ಕೂತವನಿಗೂ ಆ ವೃತ್ತ ಕಾಣುತ್ತಿತ್ತು. ವೃತ್ತದೊಳಗೆ ನಿಂತ ಕುರಿಗಾರನಿಗೆ ಮಾತ್ರ ಕಾಣುತ್ತಿರಲಿಲ್ಲ. ಅವನ ಸೊಂಟದಲ್ಲಿ ಇರುವುದು ಗುಂಡಿ ಒತ್ತುವ ಫೋನು, ಇಂಟರ್ನೆಟ್ ಇಲ್ಲ. ಕಂಪನಿಗಳ ಮೂಲಕ ಸಾವಿರಗಟ್ಟಲೆ ಸಂದೇಶ ಕಳಿಸುವ ದಾರಿ ಇತ್ತು. ಆದರೆ ಆ ದಾರಿಯಲ್ಲಿ ಹೋದ ಸಂದೇಶ ಸಾಲದ ಜಾಹೀರಾತು, ಲಾಟರಿಯ ಆಸೆ ಇವುಗಳ ನಡುವೆ ಸಿಕ್ಕಿಕೊಂಡು ಮಳೆ ನಿಂತ ಮೇಲೆ ಬರುತ್ತಿತ್ತು. ಆಗ ಸುಕನ್ಯಾ ಪ್ರಭು ಬಸ್ ಸ್ಟ್ಯಾಂಡ್ ಎದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಗವಿಸಿದ್ದಪ್ಪನನ್ನು ಹುಡುಕಿಕೊಂಡು ಬಂದರು.

ಅವನು ಮಾಡಿದ್ದು ದೊಡ್ಡ ಕೆಲಸವೇನಲ್ಲ, ಗಟ್ಟಿ ಕೆಲಸ. ಒಂದು ಮೊಬೈಲ್ ಫೋನನ್ನು ಕೇಬಲ್ ಹಾಕಿ ಕಂಪ್ಯೂಟರಿಗೆ ಕಟ್ಟಿದ. ವೆಬ್ ಆ್ಯಪ್ ವೃತ್ತ ಬರೆದ ಕೂಡಲೇ ಅದರೊಳಗೆ ಇರುವವರ ನಂಬರು, ಅವರಿಗೆ ಹೇಳಬೇಕಾದ ಮಾತು, ಎರಡನ್ನೂ ಒಂದು ಸಾಲಿನಲ್ಲಿ ಇಡುತ್ತದೆ. ಮೇಜಿನ ಮೇಲಿನ ಫೋನು ಆ ಸಾಲನ್ನು ನೋಡುತ್ತಲೇ ಇದ್ದು, ಬಂದದ್ದನ್ನು ಬಂದ ಹಾಗೆ ಎತ್ತಿಕೊಂಡು, ಮನುಷ್ಯನೊಬ್ಬ ಬೆರಳಿನಿಂದ ಒತ್ತಿ ಕಳಿಸಿದ ಹಾಗೆ ಕಳಿಸುತ್ತದೆ. ಮುಟ್ಟಿತೋ ಇಲ್ಲವೋ ಎಂಬ ವರದಿಯನ್ನೂ, ಯಾರಾದರೂ ಉತ್ತರ ಬರೆದರೆ ಅದನ್ನೂ ತಂದು ಪುಟದಲ್ಲಿ ತೋರಿಸುತ್ತದೆ. ಯಾರು ಎಲ್ಲಿದ್ದಾರೆ ಎಂಬುದನ್ನು ಕಂಬಗಳೇ ಹೇಳುತ್ತಿದ್ದವು. ಫೋನು ಆಗಾಗ ಟವರಿಗೆ ಕೂಗು ಹಾಕುವುದನ್ನು ಅವು ಕೇಳಿಸಿಕೊಂಡು ನಕಾಶೆಯ ಮೇಲೆ ಹಸಿರು ಚುಕ್ಕೆ ಇಡುತ್ತಿದ್ದವು. ಒಂದು ಹಿಂಡಿಗೆ ಒಂದು ಚುಕ್ಕೆ.

ಆ ನಂಬರುಗಳನ್ನೆಲ್ಲ ಹಟ್ಟಿ ಹಟ್ಟಿ ತಿರುಗಿ ಸೇರಿಸಿದವನೂ ಗವಿಸಿದ್ದಪ್ಪನೇ. ಅವನೂ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವನು. ಹಾಗೆ ಸೇರಿದವರಲ್ಲಿ ಅವನ ಹೆಂಡತಿಯ ತಮ್ಮ ಮಾಳಿಂಗಪ್ಪನೂ ಇದ್ದ.

ಕನಕಪ್ಪ ಸತ್ತ ಮರುದಿನ, ಕಂಬಗಳಿಗೆ ಹಣ ಕೊಟ್ಟಿದ್ದ ಬೆಂಗಳೂರಿನ ಸಾಹೇಬರು ಕಂಪ್ಯೂಟರಿನಲ್ಲೇ ಮುಖ ತೋರಿಸಿದರು. ಯಂತ್ರ ಸರಿ ಇದೆ, ಫೋನಿನ ಕೆಲಸವನ್ನು ಯಾವನೋ ಅಂಗಡಿಯವನ ಕೈಗೆ ಕೊಟ್ಟದ್ದು ತಪ್ಪು ಎಂದರು. ಇನ್ನೊಂದು ಸಾವಾದರೆ ಕಂಬ ಕಿತ್ತು ಬೇರೆ ಜಿಲ್ಲೆಗೆ ಒಯ್ಯುವುದಾಗಿ ಹೇಳಿ ಮಾಯವಾದರು.

"ಯಾವನೋ ಅಂತ ಯಾವನಿಗೆ ಅಂದ ಅವ?" ಗವಿಸಿದ್ದಪ್ಪ ಕಪ್ಪಾದ ತೆರೆಗೇ ಕೇಳಿದ.

ಅವನು ಅಂದಿನಿಂದ ಫೋನನ್ನು ಪರೀಕ್ಷೆ ಮಾಡಿದ್ದೇ ಮಾಡಿದ್ದು. ಸಿಮ್ ಬದಲಿಸಿದ, ಕೇಬಲ್ ಬದಲಿಸಿದ, ಕೊನೆಗೆ ಫೋನನ್ನೇ ಬದಲಿಸಿದ. ನೆತ್ತಿ ಸುಡುವ ಬಿಸಿಲಿನಲ್ಲಿ ಬೈಕು ಹತ್ತಿ ಗುಡ್ಡ, ಹಳ್ಳ ಎಲ್ಲ ಸುತ್ತಿ ಸಂದೇಶ ತರಿಸಿಕೊಂಡು ನೋಡಿದ. ಒಂದೂ ತಪ್ಪಲಿಲ್ಲ. ಆದರೆ ಮೋಡ ಕಟ್ಟಿದ ದಿನ ನಕಾಶೆಯ ಹಸಿರು ಚುಕ್ಕೆಗಳು ಒಂದೊಂದೇ ಆರಿ, ಕೊನೆಗೆ ಕಂಡ ಜಾಗದಲ್ಲೇ ಬೂದಿ ಬಣ್ಣಕ್ಕೆ ತಿರುಗುತ್ತಿದ್ದವು. ಮೋಡ ಸರಿದ ಮೇಲೆ ಒಂದೊಂದೇ ಹೊತ್ತಿಕೊಳ್ಳುತ್ತಿದ್ದವು. ಮಳೆಗೆ ಕರೆಂಟು ಹೋಗಿ ಟವರು ನಿಲ್ಲುತ್ತಿರಬಹುದು ಎಂದು ಟವರುಗಳಿಗೆ ಬೇರೆ ಬ್ಯಾಟರಿ ಇಡಿಸಿದರು. ಚುಕ್ಕೆಗಳು ಆರುವುದು ಬಿಡಲಿಲ್ಲ.

"ಮೋಡದೊಳಗಿನ ವಿದ್ಯುತ್ತೇ ಫೋನಿನ ಅಲೆ ನುಂಗುತ್ತಿದೆ, ಕಾಣ್ತದೆ" ಎಂದರು ಸುಕನ್ಯಾ ಪ್ರಭು. "ಮೋಡದ ಅಂಚು ಎಲ್ಲಿ ಬಂತೋ ಅಲ್ಲಿ ಚುಕ್ಕೆ ಹೋಗ್ತದೆ. ಈವರೆಗೆ ಯಾರೂ ಇದನ್ನು ಗುರುತಿಸಿದ್ದಿಲ್ಲ."

"ನಾನೂ ಅದನ್ನ ಅಂತಿದ್ದೆ ನೋಡ್ರಿ" ಎಂದ ಗವಿಸಿದ್ದಪ್ಪ. ಹಾಗೆಂದು ಅವನು ಎಂದೂ ಅಂದಿರಲಿಲ್ಲ. ಆದರೆ ತಪ್ಪು ಮೋಡದ್ದು ಎಂದಾದರೆ ತನ್ನ ಫೋನಿನದ್ದಲ್ಲ ಎಂದಾಯಿತಲ್ಲ, ಅಷ್ಟು ಸಾಕಿತ್ತು. ಸುಕನ್ಯಾ ಪ್ರಭು ಈ ಹೊಸ ವಿದ್ಯಮಾನಕ್ಕೆ 'ಮೋಡ ನೆರಳು' ಎಂದು ಹೆಸರಿಟ್ಟು, ಲೆಕ್ಕಾಚಾರ ಹಾಕಿ, ವಿದೇಶದ ಪತ್ರಿಕೆಗೆ ಲೇಖನ ಬರೆಯತೊಡಗಿದರು.

ಮನೆಯಲ್ಲಿ ಹೆಂಡತಿ ಈರಮ್ಮ ದಿನಕ್ಕೊಮ್ಮೆ ಅದೇ ಪ್ರಶ್ನೆ ಕೇಳುತ್ತಿದ್ದಳು. "ನಮ್ಮ ಮಾಳಿಂಗನ ನಂಬರ ಐತಿಲ್ಲರೀ ಅದರಾಗ?"

"ಐತಿ."

"ಕನಕಣ್ಣನ ನಂಬರೂ ಇತ್ತು."

ಇದಕ್ಕೆ ಅವನು ಊಟದ ತಾಟು ಸರಿಸಿ ಏಳುತ್ತಿದ್ದ. ಮಾಳಿಂಗಪ್ಪ ಆ ವಾರ ಹಿಂಡು ಹೊಡೆದುಕೊಂಡು ಕರಿಗುಡ್ಡದ ಕೆಳಗಿನ ಬಯಲಿಗೆ ಇಳಿದಿದ್ದ. ಹೆಂಡತಿ ಸೋಮವ್ವ, ಹಾಲು ಕುಡಿಯುವ ಕೂಸು, ಸಾಮಾನು ಹೊರುವ ಒಂದು ಕತ್ತೆ, ಇಷ್ಟೇ ಅವನ ಸಂಸಾರ. ಮುಂಗಾರಿಗೆ ಮೊದಲಿನ ಸಿಡಿಲೆಲ್ಲ ಕರಿಗುಡ್ಡದ ಬಯಲಿಗೇ ಬೀಳುವುದು ಎಂದು ಸೀಮೆಗೆಲ್ಲ ಗೊತ್ತು. ಹುಲ್ಲಿರುವುದೂ ಅಲ್ಲೇ.

ಒಂದು ಸಂಜೆ ಗವಿಸಿದ್ದಪ್ಪ ಮನೆಯಲ್ಲೇ ಇದ್ದ. ಈರಮ್ಮ ರೊಟ್ಟಿ ಬಡಿಯುತ್ತಿದ್ದಳು. ಟೀವಿಯಲ್ಲಿ ಅತ್ತೆಯೊಬ್ಬಳು ಸೊಸೆಯ ಹಾಲಿಗೆ ಏನೋ ಬೆರೆಸುತ್ತಿದ್ದಳು. ಅಷ್ಟರಲ್ಲಿ ಪಡುವಣದ ಕಡೆ ಗುಡುಗಿತು.

"ರೀ, ಟೀವಿ ವೈರ ಕೀಳ್ರಿ."

ಕಿತ್ತ.

"ನನ್ನ ಕೈ ಹಿಟ್ಟಾಗೈತಿ, ಆ ನನ್ನ ಫೋನೂ ಬಂದ್ ಮಾಡ್ರಿ. ನಿಮ್ಮದೂ ಮಾಡ್ರಿ. ಏನ ಮಾರಿ ನೋಡ್ತೀರಿ, ಮಿಂಚ್ಲಿಕತ್ತೈತಿ!"

ಅವನು ಹೆಂಡತಿಯ ಫೋನು ಬಂದ್ ಮಾಡಿದ. ತನ್ನದನ್ನೂ ತೆಗೆದು ಗುಂಡಿ ಒತ್ತಿ ಹಿಡಿದ. ಬಂದ್ ಆಗುವಾಗ ಫೋನು ಹಾಡುವ ಚೂರು ರಾಗ ಹಾಡಿ ಸುಮ್ಮನಾಯಿತು. ಪಕ್ಕದ ಮನೆಯಿಂದ ಇನ್ನೊಂದು ರಾಗ ಕೇಳಿಸಿತು. ಎದುರು ಮನೆಯ ಕಟ್ಟೆಯಿಂದ ಮತ್ತೊಂದು. ಓಣಿಯ ಫೋನುಗಳೆಲ್ಲ ಮಲಗುತ್ತಿದ್ದವು.

ಗವಿಸಿದ್ದಪ್ಪ ನಿಂತಲ್ಲೇ ನಿಂತ. ಆಮೇಲೆ ಹಣೆಗೆ ಚಟ್ ಎಂದು ಬಡಿದುಕೊಂಡ.

"ಥೂ ನನ್ನ ಜಲ್ಮಕ್ಕ!"

"ಏನಾತ್ರೀ? ಕರೆಂಟ ಹೊಡೀತೇನು?"

"ಮೋಡಾನೂ ಅಲ್ಲ, ಟವರೂ ಅಲ್ಲ! ಬಂದ್ ಮಾಡ್ತೀವಲೇ ನಾವು! ಮೋಡ ಕಂಡ ಕೂಡ್ಲೆ ಎಲ್ಲಾರೂ ಬಂದ್ ಮಾಡ್ತೀವಿ! ಆ ಕನಕಪ್ಪನೂ ಬಂದ್ ಮಾಡ್ಯಾನ!"

"ಮತ್ತ ಮಾಡಬೇಕಲ್ಲ" ಎಂದಳು ಈರಮ್ಮ, ರೊಟ್ಟಿ ತಿರುವಿ ಹಾಕುತ್ತ. "ಫೋನ್ ಸಿಡ್ಲು ಎಳಿತೈತಿ. ಸಾಲಿ ಗ್ವಾಡಿ ಮ್ಯಾಲೆ ಬರದಾರ."

ಹೌದು, ಶಾಲೆಯ ಗೋಡೆಯ ಮೇಲೆ ಬರೆದಿದ್ದರು. ದೊಡ್ಡ ಅಕ್ಷರದಲ್ಲಿ, ಪಕ್ಕದಲ್ಲಿ ಮಿಂಚಿನ ಚಿತ್ರವನ್ನೂ ಬರೆದಿದ್ದರು. ಯಾರು ಬರೆಸಿದರೋ ಯಾರಿಗೂ ನೆನಪಿರಲಿಲ್ಲ. ಈ ಸೀಮೆಯಲ್ಲಿ ಫೋನು ಇಟ್ಟುಕೊಂಡವರೆಲ್ಲ ಕಲಿತ ಮೊದಲ ಪಾಠ ಅದು.

ಬೆಳಗಾಗುತ್ತಲೇ ಅವನು ಕೇಂದ್ರಕ್ಕೆ ಹೋಗಿ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದ. ಸುಕನ್ಯಾ ಪ್ರಭು ಬರೆಯುತ್ತಿದ್ದದ್ದನ್ನು ನಿಲ್ಲಿಸಿದರು. ಅವರ ಎದುರು 'ಮೋಡ ನೆರಳು' ಲೇಖನದ ಕೊನೆಯ ಪುಟ ತೆರೆದಿತ್ತು.

"ನೀವೂ ಬಂದ್ ಮಾಡಿದ್ರಾ?"

"ನಾನೂ ಮಾಡೇನಿ. ಏನ ಮುಚ್ಚಿಡ್ಲಿ."

ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಮನೆಯಲ್ಲಿ ನಾನೂ ಮಾಡ್ತೇನೆ ಮಾರಾಯ್ರೆ. ಗುಡುಗು ಅಂದ್ರೆ ಸಾಕು, ಅಮ್ಮ ಕುಂದಾಪುರದಿಂದ ಫೋನ್ ಮಾಡಿ 'ಫೋನ್ ಆಫ್ ಮಾಡು ಮಗಾ' ಅಂತಾರೆ. ಫೋನ್ ಸಿಡಿಲು ಎಳಿಯುದಿಲ್ಲ ಅಂತ ನಂಗೆ ಗೊತ್ತುಂಟು. ಅದರ ಮೇಲೇ ಪಾಠ ಮಾಡಿದ್ದೇನೆ. ಆದ್ರೂ ಕೈ ಹೋಗ್ತದೆ."

ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು. ಹತ್ತು ನಿಮಿಷ ಮೊದಲು ಹೇಳುವ ಯಂತ್ರವನ್ನು ಮಾಡಿ, ಅರ್ಧ ಗಂಟೆ ಮೊದಲೇ ಕಿವಿ ಮುಚ್ಚಿಕೊಳ್ಳುವವರಿಗೆ ಅದನ್ನು ಕೊಟ್ಟಂತಾಗಿತ್ತು.

"ಮೋಡ ಏಳೂಕಿಂತ ಮೊದಲ ಕಳಿಸಿಬಿಡೂಣು" ಎಂದ ಗವಿಸಿದ್ದಪ್ಪ.

"ಅಷ್ಟು ಮೊದಲು ಯಂತ್ರಕ್ಕೆ ತಾಲೂಕು ಮಾತ್ರ ಗೊತ್ತಾಗುದು, ಹೊಲ ಅಲ್ಲ. ತಾಲೂಕಿಗೆ ತಾಲೂಕೇ ಎದ್ದು ಓಡ್ಬೇಕಾ?"

ಹಾಗಾದರೆ ಇನ್ನೊಂದೇ ದಾರಿ. ಆಕಾಶ ಬೋಳಾಗಿದ್ದ ಹೊತ್ತಿನಲ್ಲಿ ಎಲ್ಲ ನಂಬರಿಗೂ ಒಂದು ಸಂದೇಶ ಕಳಿಸಿದರು: ಗುಡುಗು ಬಂದರೂ ಫೋನ್ ಬಂದ್ ಮಾಡಬೇಡಿ, ಫೋನ್ ಸಿಡಿಲು ಎಳೆಯುವುದಿಲ್ಲ. ಸಂದೇಶಗಳು ಮುಟ್ಟಿದವು. ಉತ್ತರಗಳೂ ಬಂದವು. ಮೇಜಿನ ಮೇಲಿನ ಫೋನು ಅವನ್ನೆಲ್ಲ ಪ್ರಾಮಾಣಿಕವಾಗಿ ಪುಟಕ್ಕೆ ಏರಿಸಿತು.

ನೀವು ಯಾರು. ನಮ್ಮನ್ನ ಕೊಲ್ಲಾಕ ಎಷ್ಟ ರೊಕ್ಕ ತಗೊಂಡೀರಿ.

ನಿಮ್ಮ ಮನಿ ಮ್ಯಾಲೆ ಬೀಳ್ಲಿ.

ಇನ್ನೊಂದರಲ್ಲಿ ಗವಿಸಿದ್ದಪ್ಪನ ಹೆಸರು ಹಿಡಿದು ಬೈದಿದ್ದರು. ಅದನ್ನು ಸುಕನ್ಯಾ ಪ್ರಭು ಜೋರಾಗಿ ಓದಲಿಲ್ಲ.

"ಮಾಳಿಂಗಪ್ಪಗ ನಾ ಹೋಗೇ ಹೇಳ್ತೀನಿ" ಎಂದು ಅವನು ಎದ್ದ.

ಈರಮ್ಮ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬೈಕಿನ ಹಿಂದೆ ಕೂತಳು. ಕರಿಗುಡ್ಡದ ಬಯಲಿನಲ್ಲಿ ಒಂಟಿ ಬೇವಿನ ಮರ, ಅದರ ಕೆಳಗೆ ಮಾಳಿಂಗಪ್ಪನ ಬಿಡಾರ. ಟೊಂಗೆಗೆ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸಿದ್ದರು. ಕತ್ತೆ ಕಿವಿ ಅಲ್ಲಾಡಿಸುತ್ತ ನಿಂತಿತ್ತು. ಸುತ್ತಮುತ್ತ ಕಣ್ಣು ಹಾಯಿಸಿದಷ್ಟೂ ಇನ್ನೊಂದು ಮರ ಇರಲಿಲ್ಲ. ಗವಿಸಿದ್ದಪ್ಪ ಆ ಮರವನ್ನು ನೋಡಿದ, ಜೋಳಿಗೆಯನ್ನು ನೋಡಿದ.

"ಮರದ ಬುಡಕ ಯಾಕ ಹಾಕಿಯೋ ಬಿಡಾರ, ತಲಿ ಐತಿಲ್ಲ ನಿನಗ?"

"ಮತ್ತ ಬಿಸಲಾಗ ಹಾಕ್ಲೇನು ಮಾವ? ಕೂಸು ಸುಟ್ಟ ಬದನಿಕಾಯಿ ಆಗ್ಬೇಕು. ಕೂಡು, ನೀರು ಕುಡಿ. ಬಂದ ಕೂಡ್ಲೆ ಬೈತಾನ ನೋಡಕ್ಕ ನಿನ್ನ ಗಂಡ."

ಗವಿಸಿದ್ದಪ್ಪ ನೀರು ಕುಡಿದು, ಸಿಟ್ಟನ್ನು ಅರ್ಧ ನುಂಗಿ, ವಿಷಯ ಹೇಳಿದ. ಫೋನು ಚಾಲೂ ಇಟ್ಟರೆ ಮಾತ್ರ ಸಂದೇಶ ಮುಟ್ಟುತ್ತದೆ ಎಂದ. ಫೋನಿಗೂ ಸಿಡಿಲಿಗೂ ಸಂಬಂಧವಿಲ್ಲ ಎಂದ.

"ಸಂಬಂಧ ಇಲ್ಲ?" ಮಾಳಿಂಗಪ್ಪ ಎದ್ದು ಕೂತ. "ಕನಕಣ್ಣನ ಉಡದಾರದಾಗ ಫೋನ್ ಇತ್ತಿಲ್ಲ? ಅಲ್ಲೇ ಸುಟ್ಟಿತ್ತಿಲ್ಲ? ನಾ ಕಣ್ಣಾರೆ ನೋಡೀನಿ."

"ಅದು ಬಂದ್ ಇತ್ತಲೋ ಹುಚ್ಚ! ಬಂದ್ ಇತ್ತಂತನ ಅವಗ ಮೆಸೇಜ್ ಮುಟ್ಟಲಿಲ್ಲ!"

"ನೀನ ಹೇಳಿದಿ ನೋಡು. ಬಂದ್ ಇದ್ದದ್ದಕ್ಕ ಅರ್ಧ ಹಿಂಡು ಉಳೀತು. ಚಾಲೂ ಇದ್ದಿದ್ರ ಪೂರಾ ಹಿಂಡು ಹೋಗ್ತಿತ್ತು."

ಸಿಟ್ಟಿನಿಂದ ಏಳಲು ಹೋದ ಗವಿಸಿದ್ದಪ್ಪನ ತೋಳನ್ನು ಈರಮ್ಮ ಹಿಡಿದೆಳೆದು ಕೂರಿಸಿದಳು. ಅವಳಿಗೂ ಗಂಡನ ಮಾತಿನ ಮೇಲೆ ನಂಬಿಕೆ ಇರಲಿಲ್ಲ. ತಮ್ಮ ಸಾಯಬಾರದು, ಇಷ್ಟೇ ಅವಳಿಗೆ ಬೇಕಿದ್ದದ್ದು. ಅದಕ್ಕೆ ಗಂಡನ ಯಂತ್ರವೂ ಬೇಕು, ಶಾಲೆಯ ಗೋಡೆಯ ಮಾತೂ ಬೇಕು.

"ಮಾಳಿಂಗ, ಒಂದ ಕೆಲಸ ಮಾಡು. ಫೋನ್ ಮೈಮ್ಯಾಲೆ ಇಟ್ಟಗೋಬ್ಯಾಡ. ಮೋಡ ಬಂದ್ರ ಚಾಲೂ ಮಾಡಿ ಆ ಕತ್ತಿ ಕೊಳ್ಳಿಗೆ ಕಟ್ಟು. ನೀವು ಸ್ವಲ್ಪ ದೂರ ಇರ್ರಿ, ಸಪ್ಪಳ ಕೇಳೂವಷ್ಟು ದೂರ." ಅವಳು ಕತ್ತೆಯ ಕೊರಳಿನ ಕಡೆ ಕೈ ತೋರಿಸಿದಳು.

"ಅಂದ್ರ ನನ್ನ ಕತ್ತಿ ಸಾಯ್ಲಿ ಅಂತೀ?"

"ನೀ ಸಾಯೂದಕ್ಕಿಂತ ಕತ್ತಿ ಸಾಯ್ಲಿ."

"ಯಾವ ಕತ್ತಿ ಅಂತ ಕೇಳು ಮೊದಲ" ಎಂದು ಸೋಮವ್ವ ಜೋಳಿಗೆ ತೂಗುತ್ತ ಅಂದಳು. ಎಲ್ಲರೂ ನಕ್ಕರು. ಮಾಳಿಂಗಪ್ಪನೂ ನಕ್ಕ. ನಕ್ಕ ಮೇಲೆ ಒಪ್ಪದೆ ಇರುವುದು ಕಷ್ಟವಾಯಿತು.

ಅವನಿಗೆ ಓದಲು ಬರುತ್ತಿರಲಿಲ್ಲ. ಬಂದರೂ ಕತ್ತೆಯ ಕೊರಳಿಗೆ ಕಟ್ಟಿದ ಫೋನನ್ನು ದೂರ ಕೂತು ಓದುವುದು ಹೇಗೆ? ಅದಕ್ಕೆ ಗವಿಸಿದ್ದಪ್ಪ ಹೇಳಿದ: ಒಂದರ ಹಿಂದೆ ಒಂದು ಮೂರು ಸಲ ಸಪ್ಪಳ ಬಂದರೆ ನಿಂತ ಜಾಗ ಬಿಡಬೇಕು. ಕುರಿ ಹೊಡೆದುಕೊಂಡು ಯಾವ ಕಡೆಯಾದರೂ ಸರಿ, ನಾಕು ಹೊಲ ದಾಟಿ ತಗ್ಗಿನಲ್ಲಿ ಕುಕ್ಕರಗಾಲಲ್ಲಿ ಕೂರಬೇಕು. ಸಾಮಾನಿನ ಆಸೆ ಮಾಡಬಾರದು. ಫೋನಿನ ಸಪ್ಪಳವನ್ನು ಅವನೇ ಎಲ್ಲಕ್ಕಿಂತ ಜೋರಿನದಕ್ಕೆ ಬದಲಿಸಿ ಕೇಳಿಸಿದ. ಕತ್ತೆ ಬೆದರಿ ಒದೆಯಿತು.

ಕೇಂದ್ರಕ್ಕೆ ಮರಳಿ ಆ್ಯಪಿನಲ್ಲೂ ಬದಲಾವಣೆ ಮಾಡಿದರು. ಈಗ ವೆಬ್ ಪುಟ ಒಂದು ನಂಬರಿಗೆ ಒಂದೇ ಮಾತನ್ನು ಮೂರು ಸಲ ಸಾಲಿನಲ್ಲಿ ಇಡುತ್ತಿತ್ತು. ಮಾತು ಏನಿದ್ದರೂ ನಡೆಯುತ್ತಿತ್ತು. ಗವಿಸಿದ್ದಪ್ಪ 'ಏಳು' ಎಂದು ಬರೆದ.

ನಾಲ್ಕಾರು ದಿನ ಬಿಟ್ಟು ಮಧ್ಯಾಹ್ನದ ಮೇಲೆ ಪಡುವಣ ಕಪ್ಪಾಯಿತು. ನಕಾಶೆಯ ಮೇಲಿನ ಚುಕ್ಕೆಗಳು ವಾಡಿಕೆಯಂತೆ ಆರತೊಡಗಿದವು. ಒಂದು, ಇನ್ನೊಂದು, ಮೂಡಣದ ಹಳ್ಳದ ಕಡೆ ಒಟ್ಟಿಗೇ ಎರಡು. ಗವಿಸಿದ್ದಪ್ಪ ಒಂದೊಂದಕ್ಕೂ ಹೆಸರು ಹಿಡಿದು ಬೈದ. ಕರಿಗುಡ್ಡದ ಕೆಳಗಿನ ಚುಕ್ಕೆ ಮಾತ್ರ ಹಸಿರಾಗಿಯೇ ಇತ್ತು.

"ಆರಲಿಲ್ಲ" ಎಂದರು ಸುಕನ್ಯಾ ಪ್ರಭು, ಮೆಲ್ಲಗೆ. ಜೋರಾಗಿ ಹೇಳಿದರೆ ಆರಿಬಿಡುತ್ತದೆ ಎನ್ನುವ ಹಾಗೆ.

ಕಂಬಗಳು ತೋರಿಸುವ ವಿದ್ಯುತ್ತಿನ ಲೆಕ್ಕ ಏರತೊಡಗಿತು. ಕರಿಗುಡ್ಡದ ನೆತ್ತಿಯ ಮೇಲೆ ಏರಿತು, ಇಳಿಯಿತು, ಬಯಲಿಗೆ ಸರಿಯಿತು. ಆಮೇಲೆ ತೆರೆಯ ಮೇಲೆ ಕೆಂಪು ವೃತ್ತ ಮೂಡಿತು. ಹಸಿರು ಚುಕ್ಕೆ ಅದರ ನಟ್ಟನಡುವೆ ಇತ್ತು.

ಮೇಜಿನ ಮೇಲಿನ ಫೋನು ಮೂರು ಸಲ ನಡುಗಿತು. ಗವಿಸಿದ್ದಪ್ಪ ತೆರೆಗೆ ಮುಖ ಒತ್ತಿ ನಿಂತಿದ್ದ. ಕಾಯುತ್ತಿದೆ. ಕಾಯುತ್ತಿದೆ. ಮುಟ್ಟಿದೆ. ಮೊದಲನೆಯದು ಮುಟ್ಟಿತು, ಎರಡನೆಯದು ಮುಟ್ಟಿತು, ಮೂರನೆಯದೂ ಮುಟ್ಟಿತು.

"ಏಳೋ ಮಾಳಿಂಗ. ಏಳಲೇ. ಏಳು."

ಚುಕ್ಕೆ ಅಲ್ಲಾಡಲಿಲ್ಲ.

"ಯಾಕ ಸರೀವಲ್ದು? ಮೇಡಂ, ಯಾಕ ಸರೀವಲ್ದು ಅದು?"

"ಫೋನ್ ಕತ್ತೆ ಹತ್ರ ಉಂಟಲ್ಲ, ಗವಿಸಿದ್ದಪ್ಪನವರೇ. ಅವರು ಸರಿದ್ರೂ ನಮ್ಗೆ ಕಾಣುದಿಲ್ಲ."

ಈ ಮಾತು ಇಬ್ಬರಿಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ. ತೆರೆಯ ಮೇಲೆ ಇದ್ದದ್ದು ಕತ್ತೆ. ಮನುಷ್ಯರು ಎಲ್ಲಿದ್ದಾರೋ, ಕೂಸು ಇನ್ನೂ ಜೋಳಿಗೆಯಲ್ಲಿದೆಯೋ ಹೇಳಲು ನಕಾಶೆಯಲ್ಲಿ ಏನೂ ಇರಲಿಲ್ಲ. ಅವನು ಮಾಳಿಂಗಪ್ಪನಿಗೆ ಕರೆ ಮಾಡಿದ. ಫೋನು ಹೊಡೆದುಕೊಂಡೇ ಹೊಡೆದುಕೊಂಡಿತು. ಯಾರೂ ಎತ್ತಲಿಲ್ಲ. ಓಡಿದ್ದರೆ ಎತ್ತುವುದಿಲ್ಲ. ಓಡದೆ ಹೆದರಿ ಕೂತಿದ್ದರೂ ಎತ್ತುವುದಿಲ್ಲ. ಕಡೆಗೆ ಮನೆಯಲ್ಲಿದ್ದ ಈರಮ್ಮನಿಗೆ ಮಾಡಿದ. ಅವಳು ಬಂದ್ ಮಾಡಿ ಇಟ್ಟಿದ್ದಳು.

ಕಿಟಕಿಯ ಗಾಜು ಬೆಳ್ಳಗಾಯಿತು. ಗುಡುಗು ಇಲ್ಲಿಗೆ ಬಂದು ಮುಟ್ಟುವ ಮೊದಲೇ ಚುಕ್ಕೆ ಆರಿತು.

ಮಳೆ ಇನ್ನೂ ಹನಿಯುತ್ತಿದ್ದಾಗಲೇ ಕೇಂದ್ರದ ಜೀಪು ಹೊರಟಿತು. ದಾರಿಯಲ್ಲಿ ಈರಮ್ಮನನ್ನು ಹತ್ತಿಸಿಕೊಂಡರು. ಗವಿಸಿದ್ದಪ್ಪ ಅವಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವಳು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮುಂದೆ ನೋಡುತ್ತ ಕೂತಳು.

ಬೇವಿನ ಮರ ತುದಿಯಿಂದ ಬುಡದವರೆಗೆ ಸೀಳಿತ್ತು. ಜೋಳಿಗೆ ಕಟ್ಟಿದ್ದ ಟೊಂಗೆ ಕೆಳಗೆ ಬಿದ್ದು, ಸೀರೆ ಸುಟ್ಟು ಕರಕಾಗಿತ್ತು. ಅದರ ಪಕ್ಕದಲ್ಲಿ ಕತ್ತೆ ಕಾಲು ಚಾಚಿ ಬಿದ್ದಿತ್ತು. ಮುಂಗಾಲಿಗೆ ಕಟ್ಟಿದ್ದ ಹಗ್ಗ ಹಾಗೆಯೇ ಇತ್ತು. ಅದನ್ನು ಬಿಚ್ಚಲು ಯಾರಿಗೂ ಹೊತ್ತು ಸಿಕ್ಕಿರಲಿಲ್ಲ. ಕೊರಳಿನ ಫೋನು ಕರಗಿ ಚರ್ಮಕ್ಕೆ ಅಂಟಿತ್ತು.

ಈರಮ್ಮ ಸುಟ್ಟ ಸೀರೆಯನ್ನು ಎತ್ತಿ ನೋಡಿದಳು. ಒಳಗೆ ಏನೂ ಇರಲಿಲ್ಲ. ಅವಳು ಅಲ್ಲೇ ಕುಸಿದು ಕೂತು ತಮ್ಮನ ಹೆಸರು ಹಿಡಿದು ಒದರಿದಳು. ಬಯಲಿನ ಆಚೆ ತಗ್ಗಿನಿಂದ ಕುರಿಯ ಬ್ಯಾ ಎಂಬ ದನಿ ಬಂತು. ಅದರ ಹಿಂದೆ ಕಂಬಳಿಕೊಪ್ಪೆ ಹಾಕಿಕೊಂಡ ಮಾಳಿಂಗಪ್ಪ ಮೇಲೆ ಬಂದ. ಸೋಮವ್ವನ ಕೊಪ್ಪೆಯೊಳಗಿಂದ ಕೂಸು ಗಂಟಲು ಹರಿಯುವ ಹಾಗೆ ಅಳುತ್ತಿತ್ತು. ಅಷ್ಟು ಚಂದದ ಅಳುವನ್ನು ಗವಿಸಿದ್ದಪ್ಪ ಹಿಂದೆಂದೂ ಕೇಳಿರಲಿಲ್ಲ. ಹಿಂಡಿನಲ್ಲಿ ಒಂದು ಮರಿಯೂ ಕಡಿಮೆಯಾಗಿರಲಿಲ್ಲ.

ಮಾಳಿಂಗಪ್ಪ ನೇರ ಕತ್ತೆಯ ಹತ್ತಿರ ಹೋಗಿ ಕೂತ. ಅದರ ಕಿವಿ ಸವರಿದ. ಸುತ್ತಲಿನ ಹಿಂಡುಗಳ ನಾಲ್ಕಾರು ಕುರಿಗಾರರು ಸಿಡಿಲು ಬಡಿದ ಸದ್ದು ಕೇಳಿ ಅಷ್ಟರಲ್ಲಿ ಬಂದು ಸೇರಿದ್ದರು. ಅವನು ಕರಗಿದ ಫೋನನ್ನು ಅವರಿಗೆಲ್ಲ ತೋರಿಸಿದ.

"ನೋಡ್ರಪಾ, ಕಣ್ಣಿದ್ದವ್ರು ನೋಡ್ರಿ! ಫೋನ್ ಎಲ್ಲಿತ್ತೋ ಅಲ್ಲೇ ಬಿತ್ತು. ಕುರಿ ಬಿಡ್ತು, ನಮ್ಮನ್ನ ಬಿಡ್ತು, ಹುಡುಕ್ಯಾಡಿಕೊಂಡು ಬಂದು ಫೋನಿಗೇ ಹೊಡೀತು! ನನ್ನ ಉಡದಾರದಾಗ ಇದ್ದಿದ್ರ ಏನ ಗತಿ? ನಮ್ಮ ಅಕ್ಕ ಹೇಳಿದ್ದ ಖರೆ. ಫೋನು ಚಾಲೂ ಮಾಡಿ ದೂರ ಕಟ್ಟಬೇಕು. ಸಿಡ್ಲು ಅದಕ್ಕ ಹೋಗತೈತಿ, ನಾವು ಉಳಿತೀವಿ."

ಗವಿಸಿದ್ದಪ್ಪನಿಗೆ ಇಷ್ಟು ಹೊತ್ತಿನ ಹೆದರಿಕೆಯೆಲ್ಲ ಸಿಟ್ಟಾಗಿ ನೆತ್ತಿಗೇರಿತು.

"ಲೇ! ಸಿಡ್ಲು ಮರಕ್ಕ ಬಿದ್ದೈತಿ! ಫೋನಿಗಲ್ಲ! ಇಲ್ಲೇ ಬೀಳತೈತಿ ಅಂತ ಯಂತ್ರ ಹೇಳಿತ್ತು, ನಿನ್ನ ಎಬ್ಬಿಸಿತು, ಅದಕ್ಕ ನೀ ಉಳಿದಿ! ಫೋನ್ ಎಳಿಯೂದಿಲ್ಲ! ಇನ್ನೆಷ್ಟ ಸಲ ಒದರಲಿ?"

"ಮೂರು ಸಪ್ಪಳ ಆತು, ಎದ್ದು ಓಡಿದ್ವಿ. ಅದು ಖರೆ ಮಾವ, ನಾ ಇಲ್ಲಂತೇನು?" ಮಾಳಿಂಗಪ್ಪ ಸಮಾಧಾನದಿಂದ ಹೇಳಿದ. "ಆದ್ರ ಅದು ಸಪ್ಪಳ ಮಾಡಿದ್ದು ಯಾಕ? ಸಿಡ್ಲು ತನ್ನ ಕಡೆ ಬರೂದು ಫೋನಿಗೆ ತಿಳೀತು, ಹೇಳ್ತು. ಬಾಳ ನಂಬಿಗಸ್ತ ಫೋನು."

"ನಾ ಕಳಿಸಿದ್ದಲೋ ಅದು! ನಾನು!"

"ಆತಾತು, ನೀನ ಕಳಿಸಿದ್ದು" ಎಂದ ಒಬ್ಬ ಮುದುಕ ಕುರಿಗಾರ, ಹುಚ್ಚರಿಗೆ ಹೇಳುವ ಹಾಗೆ. ಆಮೇಲೆ ಉಳಿದವರ ಕಡೆ ತಿರುಗಿ ದನಿ ಇಳಿಸಿದ. "ಕತ್ತಿ ಬ್ಯಾಡ್ರಪಾ, ಪಾಪ ಬರತೈತಿ. ಗೂಟ ಬಡದು ಅದಕ್ಕ ಕಟ್ರಿ."

ಸುಕನ್ಯಾ ಪ್ರಭು ಬಾಯಿ ತೆರೆದವರು ಗುಂಪಿನ ಮುಖಗಳನ್ನು ನೋಡಿ ಮತ್ತೆ ಮುಚ್ಚಿದರು. ಈರಮ್ಮ ಕೂಸನ್ನು ಎತ್ತಿಕೊಂಡು ಗಂಡನ ಹತ್ತಿರ ಬಂದಳು.

"ಸಾಕು ಬಿಡ್ರಿ. ಉಳದಾರಲ್ಲ."

"ನೀನೂ ಹಂಗ ಅನಕೊಂಡಿ?"

ಅವಳು ಕೂಸನ್ನು ಅವನ ಕೈಗೆ ಕೊಟ್ಟಳು.

ಮುಂದಿನ ಸಲ ಮೋಡ ಎದ್ದಾಗ ಕೇಂದ್ರದ ಕೋಣೆಯಲ್ಲಿ ಇಬ್ಬರೇ ಇದ್ದರು. ಪಡುವಣ ಕಪ್ಪಾಯಿತು, ಮಿಂಚು ಶುರುವಾಯಿತು. ನಕಾಶೆಯ ಒಂದು ಚುಕ್ಕೆಯೂ ಆರಲಿಲ್ಲ. ಬದಲಿಗೆ ಹೊಸವು ಹೊತ್ತಿಕೊಳ್ಳತೊಡಗಿದವು. ಆ ವಾರದಲ್ಲಿ ತಾವಾಗಿಯೇ ಅಂಗಡಿ ಹುಡುಕಿಕೊಂಡು ಬಂದು, 'ನನ್ನ ಫೋನಿಗೂ ಸಿಡ್ಲಿನ ಸಪ್ಪಳ ಹಾಕಿಕೊಡ್ರಿ' ಎಂದು ಸೇರಿಸಿಕೊಂಡು ಹೋದವರ ಚುಕ್ಕೆಗಳು ಅವು. ಕುರಿಗಾರರಷ್ಟೇ ಅಲ್ಲ, ಹೊಲದಲ್ಲಿ ಕೆಲಸ ಮಾಡುವವರೂ ಇದ್ದರು. ಬಯಲಿನ ತುಂಬ ಗೂಟಗಳು, ಗೂಟಕ್ಕೊಂದು ಚಾಲೂ ಇರುವ ಫೋನು, ಸ್ವಲ್ಪ ದೂರದಲ್ಲಿ ಕಿವಿಗೊಟ್ಟು ಕೂತ ಜನ.

"ಅವರಿಗೆ ನಿಜ ಹೇಳ್ಲಿಕ್ಕೆ ಬೇಕಲ್ವಾ ಗವಿಸಿದ್ದಪ್ಪನವರೇ?" ಎಂದರು ಸುಕನ್ಯಾ ಪ್ರಭು. "ತಪ್ಪು ತಿಳ್ಕೊಂಡು ಸರಿ ಮಾಡ್ತಿದ್ದಾರೆ."

"ಹೇಳೀನಿ ಮೇಡಂ. ಬಂದವರಿಗೆಲ್ಲಾ ಹೇಳೀನಿ. ಗಂಟಲು ಹೋಗೂವಂಗ ಒದರಿ ಹೇಳೀನಿ."

"ಏನಂದ್ರು?"

"ಹೂಂ ಅಂದ್ರು. ಮೊದಲ ಸಪ್ಪಳ ಹಾಕಿಕೊಡು, ಆಮ್ಯಾಲೆ ಬೈ ಅಂದ್ರು."

ಅವರು ತೆರೆಯನ್ನೇ ನೋಡುತ್ತಿದ್ದರು. ಮೂಡಣದ ಹಳ್ಳದ ಹತ್ತಿರ ಲೆಕ್ಕ ಏರುತ್ತಿತ್ತು. ನೋಡುತ್ತಿದ್ದ ಹಾಗೆ ಕೆಂಪು ವೃತ್ತ ಮೂಡಿತು. ಅದರೊಳಗೆ ನಾಲ್ಕು ಚುಕ್ಕೆ, ನಾಲ್ಕೂ ಹಸಿರು. ಗವಿಸಿದ್ದಪ್ಪ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ. ಮೇಜಿನ ಮೇಲಿನ ಫೋನು ಒಂದೊಂದೇ ನಂಬರು ಎತ್ತಿಕೊಂಡು 'ಏಳು', 'ಏಳು', 'ಏಳು' ಎಂದು ಕಳಿಸತೊಡಗಿತು.